ತೊಳೆದಿಟ್ಟ ಅಡುಗೆಮನೆ

ಕೋವಿಡ್ ಗದ್ದಲ ಅಡಗಿ ಜನ ಮತ್ತೆ ಒಟ್ಟಿಗೆ ಕೂತು ಉಣ್ಣಲು ತೊಡಗಿದ್ದ ಕಾಲ. ನಾನಾಗ ಪಶ್ಚಿಮ ಲಂಡನ್ನಿನ ಒಂದು ಸ್ಥಳೀಯ ಕೌನ್ಸಿಲ್ಲಿಗೆ ಎರಡನೆಯ ಬಾರಿ ಆರಿಸಿಬಂದ ಕೌನ್ಸಿಲರ್. ಊರ ಕಡೆಯ ಮಾತಿನಲ್ಲಿ ನಗರಸಭೆಯ ಸದಸ್ಯೆ. ಧಾರವಾಡದಿಂದ ಬಂದು ಔಷಧಿ ಅಂಗಡಿಯಲ್ಲಿ ಫಾರ್ಮಸಿಸ್ಟ್ ಆಗಿದ್ದವಳು ರಾಜಕೀಯಕ್ಕೆ ಬಿದ್ದದ್ದು ಬಾಯಿ ಸುಮ್ಮನಿರದ ಕಾರಣಕ್ಕೆ. ಕೌಂಟರಿನಲ್ಲಿ ನಿಂತು ಎಲ್ಲರ ತಕರಾರಿಗೂ ಜವಾಬು ಹೇಳುತ್ತಿದ್ದೆ, ಯಾರೋ ಒಬ್ಬರು ಚುನಾವಣೆಗೆ ನಿಲ್ಲಿ ಎಂದರು, ನಿಂತೇಬಿಟ್ಟೆ.

ಈಗ ಆ ಕೆಲಸ ಬಿಟ್ಟಿದ್ದೇನೆ. ಮೊನ್ನೆ ನನ್ನ ತಂಗಿಯ ಮಗಳು ಮೇಧಾ ಅಮೆರಿಕದಲ್ಲಿ ತಾನಿರುವ ರಾಜ್ಯದ ಶಾಸನಸಭೆಗೆ ಆರಿಸಿಬಂದಳು. ಪ್ರಮಾಣವಚನಕ್ಕೆ ಮುಂಚೆ ಫೋನ್ ಮಾಡಿ, "ಮೌಶಿ, ಇಷ್ಟ ವರ್ಷದಾಗ ನೀ ಕಲ್ತದ್ದು ಒಂದ ಮಾತು ಹೇಳು. ಭಾಷಣ ಮಾತ್ರ ಬ್ಯಾಡ" ಎಂದಳು. ಅವಳಿಗೆ ಶಾಂತಕ್ಕನ ಅಡುಗೆಮನೆಯ ಕಥೆ ಹೇಳಿದೆ.

ಶಾಂತಕ್ಕ ವಿಜಯಪುರದ ಕಡೆಯವರು. ಲಂಡನ್ನಿನದೇ ಪಾರ್ಕ್ ರಾಯಲ್ ಬಡಾವಣೆಯ ತಿಂಡಿ ಕಾರ್ಖಾನೆಯೊಂದರಲ್ಲಿ ನಿವೃತ್ತಿಯವರೆಗೆ ದುಡಿದವರು. ಗಂಡ ತೀರಿಕೊಂಡ ಮೇಲೆ ತಿಂಗಳುಗಟ್ಟಲೆ ಮನೆಯಿಂದ ಹೊರಬೀಳಲಿಲ್ಲ. "ಒಬ್ಬಾಕಿಗೆ ಏನ್ ರೊಟ್ಟಿ ಬಡೀಲ್ರಿ" ಎಂದು ಬ್ರೆಡ್ ತಿಂದುಕೊಂಡು ಇರುತ್ತಿದ್ದರು. ಆಮೇಲೆ ನಮ್ಮ ವಾರ್ಡಿನ ಸಮುದಾಯ ಭವನದಲ್ಲಿ ಬುಧವಾರದ ಊಟ ಶುರುವಾಯಿತು. ವಯಸ್ಸಾದವರು ಬಂದು ಕೂಡುವುದು, ಶಾಂತಕ್ಕ ಮತ್ತು ಅವರ ಗೆಳತಿಯರು ಅಲ್ಲೇ ಅಡುಗೆ ಮಾಡಿ ಬಡಿಸುವುದು. ಮೊದಲು ನಮ್ಮವರೇ ಬರುತ್ತಿದ್ದರು. ಬರಬರುತ್ತ ಓಣಿಯವರೆಲ್ಲ ಸೇರಿದರು. ಪಕ್ಕದ ಬ್ಲಾಕಿನ ಐರಿಶ್ ಅಜ್ಜ ಟಾಮ್ ಶೇಂಗಾ ಚಟ್ನಿ ಇಲ್ಲದೆ ಊಟಕ್ಕೆ ಕೂಡುತ್ತಲೇ ಇರಲಿಲ್ಲ. ಶಾಂತಕ್ಕನ ಮುಖದಲ್ಲಿ ಮತ್ತೆ ಕಳೆ ಬಂತು. ಬುಧವಾರ ಬಂತೆಂದರೆ ಅವರಿಗೆ ಹಬ್ಬ.

ಇಂಥದ್ದರಲ್ಲಿ ಕೌನ್ಸಿಲ್ಲಿನ ಕಟ್ಟಡ ವಿಭಾಗದಿಂದ ಒಂದು ಶಿಫಾರಸು ಬಂತು. ಭವನವನ್ನು ರಿಪೇರಿ ಮಾಡುವಾಗ ಅಡುಗೆಮನೆಯನ್ನು ತೆಗೆದು, ಅಲ್ಲಿ ಕುರ್ಚಿ ಮೇಜು ಪೇರಿಸಿಡುವ ಕೋಣೆ ಮಾಡಬೇಕು. ಕಾರಣ: ಅಡುಗೆಮನೆಯನ್ನು ಯಾರೂ ಬಳಸುತ್ತಿಲ್ಲ!

ಓದಿ ಪಿತ್ತ ನೆತ್ತಿಗೇರಿತು. ಯಾರೂ ಬಳಸುತ್ತಿಲ್ಲವೇ? ಹಿಂದಿನ ಬುಧವಾರವಷ್ಟೇ ನಾನು ಅಲ್ಲಿ ಎಣ್ಣೆಗಾಯಿ ಬಾರಿಸಿ ಬಂದಿದ್ದೆ! ಸೀದಾ ಹೋಗಿ ಶಿಫಾರಸು ಬರೆದ ಅಧಿಕಾರಿಯನ್ನು ಹಿಡಿದೆ. ಕ್ಲೇರ್ ಎಂಬ ಹುಡುಗಿ, ಕೆಲಸದಲ್ಲಿ ಚೊಕ್ಕ. "ಮುಂಚೆ ತಿಳಿಸಿ ಎರಡು ಸಲ ಹೋಗಿ ನೋಡಿದ್ದೇನೆ ಕೌನ್ಸಿಲರ್, ಎರಡೂ ಸಲ ಬುಧವಾರವೇ. ಒಲೆ ಅಂಗಡಿಯಿಂದ ತಂದಂತಿದೆ. ಒಂದು ತುಣುಕು ಬಿದ್ದಿಲ್ಲ, ವಾಸನೆ ಕೂಡ ಇಲ್ಲ. ಅಲ್ಲಿ ಯಾರಾದರೂ ಅಡುಗೆ ಮಾಡುತ್ತಾರೆಂದು ನಾನು ಹೇಗೆ ಬರೆಯಲಿ?" ಎಂದಳು. ನನಗೆ ಗುಮಾನಿ ಹತ್ತಿತು. ಶಾಂತಕ್ಕನ ಮನೆಗೆ ಹೋದೆ.

"ಶಾಂತಕ್ಕ, ಆಫೀಸರ್ ನೋಡ್ಲಿಕ್ಕೆ ಬಂದ ದಿನ ಅಡಗಿ ಏನ್ ಮಾಡಿದ್ರಿ?"

"ಅಯ್ಯ, ಅವತ್ತ ಎಲ್ಲಿ ಅಡಗೀರಿ! ದೊಡ್ಡವ್ರು ನೋಡಾಕ ಬರ್ತಾರಂದ್ರ ಮುಸುರಿ ಹರವ್ಕೊಂಡ ಕೂಡ್ತಾರೇನ್ರಿ ಯಾರರ? ಎರಡೂ ಸಲ ಊಟಾನ ರಜಾ ಮಾಡಿದ್ವಿ. ಎಲ್ಲಾರೂ ಕೂಡಿ ತಿಕ್ಕಿ ತೊಳದು ಲಕಲಕ ಮಾಡಿ ಇಟ್ವಿ. ಟಾಮಗ ನನ್ನ ಮನ್ಯಾಗ ಮಾಡಿ ಡಬ್ಬಿ ಕಳಿಸಿದ್ವಿ. ಯಾಕ್ರಿ, ಆ ಹುಡುಗಿ ಛಲೋ ಅಂದ್ಳಿಲ್ಲೋ?"

ನಗಬೇಕೋ ಅಳಬೇಕೋ ತಿಳಿಯಲಿಲ್ಲ. ನಕ್ಕೆ. ಹೊಟ್ಟೆ ಹಿಡಿದುಕೊಂಡು ನಕ್ಕೆ. ಆಮೇಲೆ ವಿಷಯ ಹೇಳಿದೆ. ಶಾಂತಕ್ಕ ನಗಲಿಲ್ಲ. "ಹಂಗಾರ ನಾವ ತೊಳದ ಕಳಕೊಂಡ್ವಿ ಅನ್ರಿ" ಎಂದು ಸೆರಗಿನಿಂದ ಮೇಜು ಒರೆಸತೊಡಗಿದರು. ಒರೆಸುತ್ತಲೇ, "ಬುಧವಾರ ಹೋತಂದ್ರ ನನಗ ವಾರ ಯಾವದು, ದಿನ ಯಾವದು" ಎಂದರು.

ಕೌನ್ಸಿಲ್ಲಿನಲ್ಲಿ ಅಧಿಕಾರಿಗಳು ಶಿಫಾರಸು ಮಾಡುತ್ತಾರೆ, ತೀರ್ಮಾನ ಮಾತ್ರ ಆರಿಸಿಬಂದ ಸದಸ್ಯರ ಕಮಿಟಿಯದು. ಆ ಕಮಿಟಿಯಲ್ಲಿ ನಾನಿರಲಿಲ್ಲ. ಅದರ ಅಧ್ಯಕ್ಷ ಪೀಟರ್, ಎದುರು ಪಕ್ಷದವನು. ಗೆರೆ ಕೊರೆದಂತೆ ನಿಯಮ ಪಾಲಿಸುವ ಮನುಷ್ಯ, ನಕ್ಕಿದ್ದನ್ನು ಕಂಡವರು ಕಡಿಮೆ. ನನ್ನ ಕಥೆ ಕೇಳಿ, "ವಿಮಲಾ, ನಿಮ್ಮ ಮಾತು ಒಂದು, ಅಧಿಕಾರಿಯ ಮಾತು ಇನ್ನೊಂದು. ನಾನು ಕಣ್ಣಿಂದ ನೋಡಬೇಕು" ಎಂದ. ಇದಕ್ಕೆ ಸೈಟ್ ವಿಸಿಟ್ ಎನ್ನುತ್ತಾರೆ. ಮತ ಹಾಕುವ ಮೊದಲು ಕಮಿಟಿ ಸ್ಥಳಕ್ಕೇ ಹೋಗಿ ನೋಡುವುದು. ಬುಧವಾರ ಮಧ್ಯಾಹ್ನವೇ ಬನ್ನಿ ಎಂದು ಹಟ ಹಿಡಿದು ಒಪ್ಪಿಸಿದೆ.

ಕಮಿಟಿಯನ್ನು ಒಪ್ಪಿಸುವುದು ಸುಲಭವಾಗಿತ್ತು. ಶಾಂತಕ್ಕನನ್ನು ಒಪ್ಪಿಸುವುದಿತ್ತಲ್ಲ, ಅದಕ್ಕೆ ನನ್ನ ರಾಜಕೀಯವೆಲ್ಲ ಖರ್ಚಾಯಿತು. ಮುಸುರೆ ಪಾತ್ರೆ ಹಾಗೇ ಇರಲಿ, ಒಲೆ ಉರಿಯುತ್ತಿರಲಿ, ಎಂದಿನಂತೆ ಅಡುಗೆ ನಡೆದಿರಲಿ ಎಂದು ಬೇಡಿಕೊಂಡೆ. "ನಿಮ್ಮ ಮಾತಿಗೆ ಹೂಂ ಅಂತೀನ್ರಿ ಅಕ್ಕಾರ, ಆದ್ರ ಮನಸ್ಸ ಒಪ್ಪವಲ್ದು" ಎಂದರು.

ಆ ಬುಧವಾರ ಕಮಿಟಿಗಿಂತ ಮೊದಲೇ ಭವನ ತಲುಪಿದೆ. ರಸ್ತೆಯ ತಿರುವಿಗೇ ರೊಟ್ಟಿ ಬಡಿಯುವ ಸಪ್ಪಳ ಕೇಳಬೇಕಿತ್ತು. ಎಲ್ಲ ನಿಶ್ಶಬ್ದ! ಓಡಿ ಹೋಗಿ ನೋಡಿದರೆ, ಶಾಂತಕ್ಕ ಗೆಳತಿಯರನ್ನೆಲ್ಲ ಹೊರಗೆ ಹಾಕಿ, ಸೆರಗು ಸಿಕ್ಕಿಸಿಕೊಂಡು ಒಲೆ ಒರೆಸುತ್ತಿದ್ದಾರೆ.

"ಶಾಂತಕ್ಕ! ಏನ್ ಮಾಡ್ಲಿಕ್ಕತ್ತೀರಿ?"

"ಒಂದೀಟ, ಮ್ಯಾಲಿಂದ ಮ್ಯಾಲ ಅಷ್ಟರಿ. ಹೊರಗಿನ ಮಂದಿ ಏನ್ ಅಂದಾರು?"

ಕೈಯಿಂದ ಬಟ್ಟೆ ಕಸಿದು ನನ್ನ ಹ್ಯಾಂಡ್‌ಬ್ಯಾಗಿಗೆ ತುರುಕಿ ಜಿಪ್ ಎಳೆದೆ. ಒದ್ದೆ ಬಟ್ಟೆ, ಒಳಗೆ ನನ್ನ ಫೋನು! "ಬಡೀರಿ ರೊಟ್ಟಿ!" ಎಂದು ಚೀರಿದೆ. ಅಷ್ಟು ಜೋರಾಗಿ ನಾನು ಸಭೆಯಲ್ಲೂ ಕೂಗಿದವಳಲ್ಲ. ಶಾಂತಕ್ಕ ಗಾಬರಿಯಾಗಿ ಹಿಟ್ಟಿಗೆ ಕೈ ಹಾಕಿದರು, ಗೆಳತಿಯರು ಒಳಗೆ ನುಗ್ಗಿದರು, ಹಂಚು ಕಾಯಿತು. ಪೀಟರ್ ಮತ್ತು ಕಮಿಟಿಯವರು ಬಾಗಿಲಿಗೆ ಬರುವಾಗ ಪಟಪಟ ಸಪ್ಪಳ ಏರಿತ್ತು, ಬೆಳ್ಳುಳ್ಳಿ ಒಗ್ಗರಣೆಯ ಘಾಟಿಗೆ ಎಲ್ಲರೂ ಒಟ್ಟಿಗೆ ಸೀನಿದರು.

ಅವರ ಜೊತೆ ಬಂದಿದ್ದ ಕ್ಲೇರ್ ಬಾಯಿ ತೆರೆದು ನಿಂತಳು. ಬದನೆಕಾಯಿಯ ಬೋಗುಣಿ, ಸಿಂಕಿನ ತುಂಬ ಪಾತ್ರೆ, ನೆಲದ ಮೇಲೆ ಜೋಳದ ಹಿಟ್ಟು. ತಾಟು ಹಿಡಿದು ಸಾಲಿನಲ್ಲಿದ್ದ ಟಾಮ್, "ನೋಡಿ ಮುಗಿದಿದ್ದರೆ ಪಕ್ಕಕ್ಕೆ ಸರಿಯಿರಪ್ಪ, ಚಟ್ನಿ ಖಾಲಿಯಾದೀತು" ಎಂದು ಪೀಟರನನ್ನೇ ಗದರಿದ.

ಶಾಂತಕ್ಕ ಒಂದು ತಾಟಿಗೆ ರೊಟ್ಟಿ, ಎಣ್ಣೆಗಾಯಿ ಬಡಿಸಿ ಪೀಟರನ ಮುಂದೆ ಹಿಡಿದರು. ಅವನು ತಾಟು ನೋಡಿದ, ಜೊಲ್ಲು ನುಂಗಿದ, ಕೈ ಹಿಂದಕ್ಕೆ ಕಟ್ಟಿಕೊಂಡ. "ಕ್ಷಮಿಸಿ, ಮತ ಹಾಕಬೇಕಾದವನು ನಾನು. ನಿರ್ಣಯ ಆಗುವವರೆಗೆ ಇಲ್ಲಿಯ ಉಪಚಾರ ಪಡೆಯುವಂತಿಲ್ಲ, ನಿಯಮ." ನಾನು ಅರ್ಥ ಹೇಳಿದೆ. ಶಾಂತಕ್ಕ ಅವನನ್ನು ಮೇಲಿಂದ ಕೆಳಗೆ ನೋಡಿ, "ಸಿಟ್ಟಾದ ಬೀಗರಂಗ ನಿಂತಾನ ನೋಡ್ರಿ ಪಾಪ. ಹಸದಾನ, ಮಾರಿ ಹೇಳತೈತಿ" ಎಂದರು. ನಾನು ಇದನ್ನು ಮಾತ್ರ ಅನುವಾದಿಸಲಿಲ್ಲ.

ಕಮಿಟಿಯ ಸಭೆಯಲ್ಲಿ ಕ್ಲೇರ್ ತಾನಾಗಿ ಎದ್ದು ಶಿಫಾರಸನ್ನು ಹಿಂದಕ್ಕೆ ಪಡೆಯುತ್ತೇನೆ ಎಂದಳು. ಅಡುಗೆಮನೆ ಉಳಿಯಬೇಕು, ಹೊಗೆ ಹೋಗಲು ದೊಡ್ಡ ಫ್ಯಾನ್ ಬೇರೆ ಹಾಕಬೇಕು ಎಂದು ಎರಡೂ ಪಕ್ಷದ ಕೈಗಳು ಮೇಲೆದ್ದವು. ಹೊರಗೆ ಬಂದು ಶಾಂತಕ್ಕನಿಗೆ ಫೋನ್ ಮಾಡಿದೆ. ಗೆದ್ದೆವು ಎಂದೆ. ಆ ಕಡೆಯಿಂದ ಒಂದು ಬಿಕ್ಕು ಕೇಳಿಸಿತು. ಆಮೇಲೆ ಮೊದಲ ಮಾತು, "ಈಗರ ತೊಳೀಲೇನ್ರಿ?"

ಮುಂದಿನ ಬುಧವಾರ ಪೀಟರ್ ಒಬ್ಬನೇ ಬಂದ. ಟೈ ಇರಲಿಲ್ಲ. ಟಾಮ್‌ನ ಹಿಂದೆ ಸಾಲಿನಲ್ಲಿ ನಿಂತು, ಕೂತು, ಬೆರಳು ಚೀಪಿ ಉಂಡ. ಶಾಂತಕ್ಕ ಸಾಕೆಂದರೂ ಬಿಡದೆ ಹಾಕಿದರು. ಅವನು ನಕ್ಕಿದ್ದನ್ನು ನಾನು ಅಂದು ಕಂಡೆ.

ಮೇಧಾ ಎಲ್ಲ ಕೇಳಿ, "ಪಾಠ ಏನು ಅಂದಿ ಮೌಶಿ?" ಎಂದಳು.

"ನಿನ್ನ ಜನ ಇದ್ದಲ್ಲೆ ಹೋಗು. ನೀ ಬರ್ತಿ ಅಂತ ಅವ್ರು ಎಲ್ಲಾ ಒರೆಸಿ ಇಡೂ ಮೊದಲ ಹೋಗು. ಊಟದ ಹೊತ್ತಿಗೆ ಹೋಗು."

"ಊಟಾನೂ ಮಾಡ್ಲೇನು?"

"ಸಭಾದಾಗ ಕೈ ಎತ್ತೂತನಕ ಬ್ಯಾಡ," ಎಂದೆ. "ಆಮ್ಯಾಲ ಹೊಟ್ಟಿ ತುಂಬ ಮಾಡು."