ಕೋಲು ಹಿಡಿಯುವ ವಯಸ್ಸು

ಹುಮನಾಬಾದಿನ ನಮ್ಮ ಮನೆಯ ಹಿಂದೆಯೇ ಒಂದು ತಾಲೀಮು, ಗರಡಿಮನೆ, ಇತ್ತು. ಕೆಮ್ಮಣ್ಣು ಹದ ಮಾಡಿ ಹಾಸಿದ ಅಂಗಳ, ಗೋಡೆಗೆ ಒರಗಿಸಿಟ್ಟ ಎಣ್ಣೆ ಕುಡಿದ ಬಿದಿರು ಕೋಲುಗಳು. ಅಪ್ಪನ ತಮ್ಮ, ಅಂದರೆ ನನ್ನ ಕಾಕಾ, ಅಲ್ಲಿಯ ವಸ್ತಾದ. ಸಂಜೆ ಕಿರಾಣಿ ಅಂಗಡಿಯನ್ನು ಅಪ್ಪನಿಗೆ ಬಿಟ್ಟು ಬಂದು, ಓಣಿಯ ಹುಡುಗರಿಗೆ ಕೋಲು ತಿರುಗಿಸುವುದು, ತಡೆಯುವುದು, ಹೊಡೆಯುವುದು ಕಲಿಸುತ್ತಿದ್ದ.

ಯಾರಿಗೆ ಕೋಲು ಕೊಡಬೇಕು ಎನ್ನುವುದಕ್ಕೆ ಕಾಕಾನದೇ ಒಂದು ಪರೀಕ್ಷೆ ಇತ್ತು. ತುಂಬಿದ ತಂಬಿಗೆಯನ್ನು ಕೈ ಚಾಚಿ ಹಿಡಿದು ನಿಲ್ಲಬೇಕು, ಅವನು ಸಾಕು ಅನ್ನುವ ತನಕ ನೀರು ಚೆಲ್ಲಬಾರದು. ಆಮೇಲೆ ಅವನು ಭುಜಕ್ಕೆ ಒಂದು ಏಟು ಹಾಕುತ್ತಿದ್ದ. ಅಳಬಾರದು, ಸಿಟ್ಟಿಗೇಳಬಾರದು.

ತೊಂಬತ್ತರ ದಶಕದ ಶುರುವಿನ ಮಾತು. ನಾನು ಐದನೆಯ ಕ್ಲಾಸು, ತಮ್ಮ ಮೂರನೆಯದು. ಇಬ್ಬರೂ ಒಂದೇ ಸಂಜೆ ತಂಬಿಗೆ ಹಿಡಿದು ನಿಂತೆವು. ತಮ್ಮ ಅರ್ಧ ನೀರನ್ನು ಕಾಲ ಮೇಲೆ ಸುರಿದುಕೊಂಡ, ಏಟು ಬಿದ್ದೊಡನೆ ಹೋ ಎಂದು ಅತ್ತ. ನನ್ನ ತಂಬಿಗೆಯಿಂದ ಒಂದು ಹನಿ ಚೆಲ್ಲಲಿಲ್ಲ. ಕಾಕಾ ಕೋಲು ಕೊಟ್ಟದ್ದು ತಮ್ಮನಿಗೆ.

"ಅವ ಅತ್ತಾನಲ್ಲ ಕಾಕಾ!" ಎಂದೆ.

"ಗಂಡ ಹುಡುಗ, ಹಿಡೀತ ಹಿಡೀತ ಕಲೀತಾನ. ನೀ ಇನ್ನಾ ಸಣ್ಣಾಕಿ ಇದ್ದಿ. ಬರೋ ವರ್ಷ ನೋಡೂಣು."

ಬರುವ ವರ್ಷ ಕೇಳಿದೆ. ಕೋಲು ಕಿವಿಮಟ್ಟಕ್ಕೆ ಬರಬೇಕು, ನಿನಗೆ ಇನ್ನೂ ತಲೆಯ ಮೇಲೆ ಹೋಗುತ್ತದೆ ಎಂದ. ತಮ್ಮನಿಗಾಗಿ ಗಿಡ್ಡ ಕೋಲು ಕತ್ತರಿಸಿ ಕೊಟ್ಟದ್ದು ನನಗೆ ಕಾಣುತ್ತಿತ್ತು. ಅದರ ಮರುವರ್ಷ ಪರೀಕ್ಷೆ ಮುಗಿಯಲಿ ಎಂದ. ಎಂಟನೆಯ ಕ್ಲಾಸಿಗೆ ಬರುವಷ್ಟರಲ್ಲಿ ಕೋಲು ನನ್ನ ಕಿವಿಗೆ ಸರಿಯಾಗಿ ಬಂತು. ಆ ಹೊತ್ತಿಗೆ ನಾನು ದೊಡ್ಡವಳಾಗಿದ್ದೆ. ಅವ್ವ ತಾಲೀಮಿನ ಕಡೆಯ ಹಿತ್ತಲ ಬಾಗಿಲಿಗೆ ಅಗಳಿ ಹಾಕಿದಳು.

"ಈಗ ಗಂಡ ಹುಡುಗರ ನಡುವ ಕುಣೀತಿ ಏನ? ದೊಡ್ಡಾಕಿ ಆಗಿ."

ನಿನ್ನೆಯ ತನಕ ಸಣ್ಣವಳು, ಇವತ್ತು ದೊಡ್ಡವಳು. ಇವೆರಡರ ನಡುವೆ ನಾನು ತಯಾರಾಗಿದ್ದ ದಿನ ಯಾವುದು, ಅದು ಯಾವಾಗ ಬಂದು ಹೋಯಿತು ಎಂದು ಕೇಳಿದರೆ ಅವ್ವ ರೊಟ್ಟಿಯ ಹಿಟ್ಟನ್ನು ನನ್ನ ಮುಂದೆ ತಳ್ಳಿದಳು. ಬಾಗಿಲ ಆಚೆ ಕೋಲಿಗೆ ಕೋಲು ತಾಗುವ ಸದ್ದು ಮಾತ್ರ ದಿನವೂ ಕೇಳುತ್ತಿತ್ತು. ನಾನು ಹಲ್ಲು ಕಚ್ಚಿಕೊಂಡು ರೊಟ್ಟಿ ಬಡಿಯುತ್ತಿದ್ದೆ.

ತಮ್ಮ ಹತ್ತನೆಯ ಕ್ಲಾಸಿನಲ್ಲಿದ್ದಾಗ, ಕ್ರಿಕೆಟ್ಟಿನಲ್ಲಿ ಔಟು ಹೌದೋ ಅಲ್ಲವೋ ಎಂಬ ಜಗಳಕ್ಕೆ, ಕೋಲಿನಿಂದ ಹೊಡೆದು ಒಬ್ಬ ಹುಡುಗನ ಮುಂಗೈ ಮೂಳೆ ಮುರಿದ. ಕಾಕಾ ಮೂರು ದಿನ ಊಟ ಬಿಟ್ಟು ಕೂತ. ನಾನು ಎದುರು ನಿಂತು, "ತಯಾರಾಗ್ಯಾನ ಅಂತ ನೀ ಕೋಲು ಕೊಟ್ಟಿದ್ದು ಇವಗ ಹೌದಲ್ಲೊ?" ಎಂದೆ. ಅವನು ಮುಖ ತಿರುಗಿಸಿಕೊಂಡ.

ಮುಂದೆ ಟಿಸಿಎಚ್ ಶಿಕ್ಷಕರ ತರಬೇತಿಗೆಂದು ದಿನಾ ಬಸವಕಲ್ಯಾಣಕ್ಕೆ ಬಸ್ಸಿನಲ್ಲಿ ಓಡಾಡತೊಡಗಿದೆ. ಆ ಬಸ್ಸುಗಳ ನೂಕುನುಗ್ಗಲನ್ನು, ಅದರೊಳಗಿನ ಕೈಗಳನ್ನು ನಾನು ವಿವರಿಸಬೇಕಿಲ್ಲ. ಮೊದಲ ವಾರವೇ ಅವ್ವ ನನ್ನ ಓಢಣಿಗೆ ಒಂದು ದೊಡ್ಡ ಪಿನ್ನು ಚುಚ್ಚಿದಳು. "ಯಾವನರ ಮೈಮ್ಯಾಲ ಬಂದ್ರ ಚುಚ್ಚು. ಬಾಯಿ ಮಾಡಬ್ಯಾಡ." ಅಷ್ಟೇ ನನ್ನ ತಾಲೀಮು. ಎಲ್ಲಿ ಚುಚ್ಚಬೇಕು, ಅವನು ತಿರುಗಿ ಹೊಡೆದರೆ ಏನು ಮಾಡಬೇಕು, ಯಾರೂ ಹೇಳಿಕೊಡಲಿಲ್ಲ. ಅದನ್ನು ಕೊಡುವಾಗ ಯಾರಿಗೂ ನನ್ನ ವಯಸ್ಸು ನೆನಪಾಗಲಿಲ್ಲ, ನನ್ನ ಸಿಟ್ಟು ಅಳೆಯಬೇಕೆನ್ನಿಸಲಿಲ್ಲ. ಒಮ್ಮೆ ಚುಚ್ಚಿದೆ. ನನ್ನ ಬೆರಳಿಗೇ ಇಳಿಯಿತು.

ಎರಡು ಸಾವಿರದ ನಂತರ ಬಸವಕಲ್ಯಾಣದಲ್ಲೇ ನನಗೆ ಶಾಲೆಯ ನೌಕರಿ ಸಿಕ್ಕಿತು, ಅಲ್ಲೇ ಮನೆ ಮಾಡಿದೆ. ಹುಡುಗಿಯರಿಗೆ ಕೋಲು ಕಲಿಸೋಣ ಎಂದು ನಾನೇ ಸಭೆಯಲ್ಲಿ ಮಾತೆತ್ತಿದೆ. ಐದನೆಯವರು ಕೂಸುಗಳು, ಪೆಟ್ಟು ಮಾಡಿಕೊಳ್ಳುತ್ತಾರೆ ಎಂದರು ಒಬ್ಬರು. ಎಂಟನೆಯವರು ಬೆಳೆದವರು, ಊರವರು ಏನಂದಾರು ಎಂದರು ಇನ್ನೊಬ್ಬರು. ಚಹಾ ಬರುವಷ್ಟರಲ್ಲಿ ಯಾವ ವಯಸ್ಸೂ ಉಳಿದಿರಲಿಲ್ಲ. ನಾನು ಮುಖ್ಯಗುರುಗಳ ಬೆನ್ನು ಬಿಡಲಿಲ್ಲ. ಕೊನೆಗೆ ಬೇಸತ್ತು, ಶನಿವಾರ ಶಾಲೆ ಬಿಟ್ಟ ಮೇಲೆ ಎಂಟನೆಯವರಿಗೆ ಕಲಿಸಿಕೊಳ್ಳಿ ಎಂದರು.

ಕಲಿಸಲು ಕಾಕಾನನ್ನೇ ಕರೆದೆ. ತಾಲೀಮಿಗೆ ಈಗ ಹುಡುಗರು ಬರುತ್ತಿರಲಿಲ್ಲ, ಕೋಲುಗಳಿಗೆ ಹುಳು ಹಿಡಿದಿತ್ತು. ಬೇಡ ಎನ್ನಲು ಅವನಿಗೆ ಮನಸ್ಸಾಗಲಿಲ್ಲ. ಹೊಸ ಕೋಲುಗಳ ಕಟ್ಟು ಹೊತ್ತು ಶನಿವಾರ ಬಸ್ಸು ಹತ್ತಿ ಬಂದ.

ಕೊಹಿನೂರು ಹಳ್ಳಿಯಿಂದ ಬರುತ್ತಿದ್ದ ಒಬ್ಬ ಹುಡುಗಿ ಇದ್ದಳು. ತೆಳ್ಳಗಿನ ಮೈ, ಮಾತು ಕಡಿಮೆ. ಮೊದಲ ದಿನವೇ ಕಾಕಾನ ಮುಂದೆ ಹೋಗಿ, "ಎಲ್ಲಿ ಹೊಡದ್ರ ಮನಷಾ ಏಳಂಗಿಲ್ಲರಿ?" ಎಂದು ಕೇಳಿದಳು.

ಕಾಕಾ ಅವಳ ಕೈಯಿಂದ ಕೋಲು ಇಸಿದುಕೊಂಡ. ಉಳಿದವರು ಕೋಲು ಹಿಡಿದರೆ ಇವಳು ಬರಿಗೈಯಲ್ಲಿ ಹೆಜ್ಜೆ ಹಾಕಬೇಕು, ಹೆಜ್ಜೆಗೊಮ್ಮೆ ಹೊಟ್ಟೆಯಿಂದ ಕೂಗಬೇಕು. ಸಿಟ್ಟು ಇಳಿದ ಮೇಲೆ ಕೋಲು ಕೊಡುತ್ತೇನೆ ಎಂದ.

ಆಮೇಲೆ ಅವಳನ್ನು ಪಕ್ಕಕ್ಕೆ ಕರೆದು ವಿಚಾರಿಸಿದೆ. ಬೆಳಗಿನ ಬಸ್ಸಿನಲ್ಲಿ ಒಬ್ಬ ದಿನವೂ ಅವಳ ಹಿಂದೆಯೇ ನಿಲ್ಲುತ್ತಿದ್ದನಂತೆ. ಮನೆಯಲ್ಲಿ ಹೇಳಿದರೆ ಶಾಲೆ ಬಿಡಿಸುತ್ತಾರೆ ಎಂದು ಹೇಳಿರಲಿಲ್ಲ.

ಕಾಕಾನಿಗೆ ಹೇಳಿದೆ. ಅವನು ತಲೆಯಾಡಿಸಿದ. "ಕಣ್ಣಾಗ ಒಬ್ಬನ ಮಾರಿ ಇಟ್ಕೊಂಡು ಬಂದವರಿಗೆ ಕೋಲು ಕೊಡಬಾರದು ನೋಡು. ಅಕಿ ಇನ್ನಾ ತಯಾರ ಇಲ್ಲ."

ನನ್ನ ತಲೆ ಕೆಟ್ಟಿತು. "ಯಾರ ಮಾರೀನೂ ಕಣ್ಣಾಗ ಇಲ್ಲದಾಕಿ ಇಲ್ಲಿ ಯಾಕ ಬರ್ತಾಳ ಕಾಕಾ? ಉಳಿದವ್ರು ಕುಣ್ಯಾಕ ಬಂದಾರ. ಖರೇ ಬೇಕಾಗಿದ್ದು ಇಕಿಗೆ."

"ನಿನ್ನ ತಮ್ಮಗ ಕೊಟ್ಟು ಒಮ್ಮೆ ಕೈ ಸುಟ್ಕೊಂಡೇನಿ."

"ಅವನ ತಪ್ಪಿಗೆ ಇಕಿ ಯಾಕ ಕಾಯಬೇಕು?"

ಅವನು ಜಗ್ಗಲಿಲ್ಲ. ಸೋಮವಾರದಿಂದ ನಾನೇ ಬೆಳಗಿನ ಬಸ್ಸಿಗೆ ಕೊಹಿನೂರಿನ ತನಕ ಹೋಗಿ, ಅವಳ ಜೊತೆ ನಿಂತು ಬರತೊಡಗಿದೆ. ಆ ಮನುಷ್ಯ ದೂರ ಕೂತ. ಹುಡುಗಿ ಕಿಟಕಿಯ ಆಚೆ ನೋಡುತ್ತ, "ನೀವು ಎಷ್ಟು ದಿನ ಬರ್ತೀರಿ ಟೀಚರ್?" ಎಂದಳು. ಎರಡು ಮೂರು ವಾರ ಕಳೆಯುವಷ್ಟರಲ್ಲಿ ನಾನು ಜ್ವರ ಬಂದು ಮಲಗಿದೆ.

ಆ ದಿನವೇ ಆ ಮನುಷ್ಯ ಮತ್ತೆ ಹಿಂದೆ ಬಂದು ನಿಂತ. ಹುಡುಗಿ ತಿರುಗಿ, ಕಾಲು ಊರಿ, ಅಂಗಳದಲ್ಲಿ ಕೂಗುತ್ತಿದ್ದ ಹಾಗೆಯೇ ಹೊಟ್ಟೆಯಿಂದ ಕೂಗಿದಳಂತೆ. ಡ್ರೈವರ್ ಬ್ರೇಕು ಒತ್ತಿದ. ಕಂಡಕ್ಟರ್ ಅವನ ಕೊರಳಪಟ್ಟಿ ಹಿಡಿದು ನಡುದಾರಿಯಲ್ಲೇ ಇಳಿಸಿದ. ಮುಂದೆ ಅವನು ಆ ಬಸ್ಸಿನಲ್ಲಿ ಕಾಣಲಿಲ್ಲ.

ಶನಿವಾರ ಬಂದು ಸುದ್ದಿ ಕೇಳಿದ ಕಾಕಾನಿಗೆ ಎಲ್ಲಿಲ್ಲದ ಹಿಗ್ಗು. "ನೋಡಿದೇನ? ಕೋಲ ಬೇಕಾಗಲಿಲ್ಲ!" ನನಗೆ ಹುಡುಗಿ ಗೆದ್ದ ಖುಷಿ ಒಂದು ಕಡೆ, ಅವನು ಅದನ್ನು ತನ್ನ ಮಾತಿಗೆ ಸಾಕ್ಷಿ ಮಾಡಿಕೊಂಡ ಉರಿ ಇನ್ನೊಂದು ಕಡೆ. ಕಂಡಕ್ಟರ್ ಒಳ್ಳೆಯವನಲ್ಲದಿದ್ದರೆ? ಬಸ್ಸಿನಲ್ಲಿ ಜನ ಇಲ್ಲದಿದ್ದರೆ?

ನಾನು ಬಾಯಿ ತೆರೆಯುವ ಮೊದಲೇ ಹುಡುಗಿ ಕಾಕಾನ ಮುಂದೆ ಹೋಗಿ ಕೈ ಚಾಚಿದಳು. "ಸಿಟ್ಟು ಇಳದದರಿ. ಕೋಲ ಕೊಡ್ರಿ."

"ಈಗ ಯಾಕ ಬೇಕವ್ವ? ಅವ ಹೋದನಲ್ಲ."

"ಅವನ ಸಲುವಾಗಿ ಅಲ್ರಿ. ನಂಗ ಕಲೀಬೇಕಾಗೇದ."

ಕಾಕಾ ಕೋಲುಗಳ ರಾಶಿಯಲ್ಲಿ ಹುಡುಕಿ ಒಂದನ್ನು ತೆಗೆದು ಕೊಟ್ಟ. ಅವಳು ಹತ್ತನೆಯ ಕ್ಲಾಸು ಮುಗಿಸುವ ತನಕ ಕಲಿತಳು, ಚೆನ್ನಾಗಿಯೇ ಕಲಿತಳು. ಯಾರಿಗೂ ಹೊಡೆದದ್ದನ್ನು ನಾನು ಕೇಳಲಿಲ್ಲ.

ಅವಳಿಗೆ ಕೋಲು ಕೊಟ್ಟ ಸಂಜೆ ಕಾಕಾನನ್ನು ಬಸ್ಸು ಹತ್ತಿಸಲು ಹೋಗಿದ್ದೆ. ದಾರಿಯುದ್ದಕ್ಕೂ ಆ ಹುಡುಗಿಯ ಹೆಜ್ಜೆಯನ್ನು ಹೊಗಳುತ್ತಲೇ ಇದ್ದ. ಕೊನೆಗೆ ತಡೆಯಲಾರದೆ ಕೇಳಿದೆ: "ಮತ್ತ ನಾ? ನಾ ಯಾವಾಗ ತಯಾರಾಗಿದ್ದೆ ಕಾಕಾ?"

ಅವನು ಬಸ್ಸಿನ ಬೋರ್ಡು ಓದುವವನಂತೆ ಕಣ್ಣು ಕಿರಿದು ಮಾಡಿದ. "ಹಳೇದೆಲ್ಲಾ ಯಾಕ ತಗೀತಿ," ಎಂದು ಹತ್ತಿ ಕೂತ. ಬಸ್ಸು ಹೊರಟಿತು. ನಾನು ಕೈ ಎತ್ತಲಿಲ್ಲ.