ಕೊಟ್ಟೂರಿನ ಮಿರ್ಚಿ ಗಂಗಮ್ಮನ ಪಟ

ಬೆಳಗ್ಗೆಯೇ ಹಡಗಲಿಯಲ್ಲಿ ಬಸ್ಸು ಹತ್ತಿದೆ. ಆಧಾರ್ ತೋರಿಸಿದೆ, ಸೊನ್ನೆ ರೂಪಾಯಿ ಟಿಕೆಟ್ ಬಂತು. ಹಗರಿಬೊಮ್ಮನಹಳ್ಳಿಯಲ್ಲಿ ಬಸ್ಸು ಬದಲಿಸಿ ಕೊಟ್ಟೂರಿನವರೆಗೂ ನಿಂತೇ ಹೋದೆ. ಸೊನ್ನೆ ರೂಪಾಯಿಗೆ ಸೀಟು ಬೇರೆ ಕೇಳಬೇಕೆ? ಚಳಿ ಇನ್ನೂ ಬಿಟ್ಟಿರಲಿಲ್ಲ. ನಾನು ಹೊರಟಿದ್ದೂ ಸ್ವೆಟರ್ ಅಂಗಡಿಗೇ.

ಅಂಗಡಿಯವನು ತಾಶಿ, ಟಿಬೆಟಿನವನು. ಹುಡುಗನಿದ್ದಾಗ ಚಿಕ್ಕಪ್ಪನ ಜೊತೆ ಹಿಮದ ಬೆಟ್ಟ ದಾಟಿ ಓಡಿಬಂದು, ಮುಂಡಗೋಡಿನ ಟಿಬೆಟಿಯನ್ ಕ್ಯಾಂಪಿನಲ್ಲಿ ಬೆಳೆದವನು. ಅಲ್ಲೇ ದೇವರ ಚಿತ್ರ ಬರೆಯಲು ಕಲಿತ. ಚಳಿಗಾಲದಲ್ಲಿ ಕೊಟ್ಟೂರಿಗೆ ಬಂದು, ಬಸ್ ಸ್ಟ್ಯಾಂಡಿನ ಎದುರು ಸ್ವೆಟರ್ ಮಾರುತ್ತಾನೆ. ಗಿರಾಕಿ ಇಲ್ಲದಾಗ ಬಟ್ಟೆಯ ಮೇಲೆ ಊರವರ ಮುಖ ಬರೆಯುತ್ತಾನೆ.

ಅವತ್ತು ಅವನೆದುರು ಕೂತಿದ್ದವಳು ಪಕ್ಕದ ಮಿರ್ಚಿ ಗಾಡಿಯ ಗಂಗಮ್ಮ. ತಾನೇ ಕೇಳಿ ಬರೆಸುತ್ತಿದ್ದಳು. ಅವಳ ನೆಗೆಣ್ಣಿ, ಮೈದುನನ ಹೆಂಡತಿ, ಸತ್ತಾಗ ಬೇರೆ ಫೋಟೋ ಸಿಗದೆ ವೋಟರ್ ಕಾರ್ಡಿನದ್ದನ್ನೇ ದೊಡ್ಡದು ಮಾಡಿಸಿದ್ದರಂತೆ.

"ಅವರ ಮನ್ಯಾಗ ಈಗ ಯಾರೋ ಕಳ್ಳಿ ನೇತಾಡಾಕತ್ಯಾಳ್ರಿ. ನನಗ ಹಂಗಾಗಬಾರದು."

ತಾಶಿ ಕಣ್ಣುಗಳನ್ನು ಕೊನೆಗೆ ಬರೆದ. ಬರೆದದ್ದೇ ತಡ, ಗಂಗಮ್ಮ ಬಟ್ಟೆಯ ಮೇಲೆ ಕೂತುಬಿಟ್ಟಳು: ಕೆನ್ನೆಯಲ್ಲಿ ಎಲೆಅಡಿಕೆಯ ಉಬ್ಬು, ಹಣೆಯಲ್ಲಿ ಎಣ್ಣೆ ಸಿಡಿದ ಕಲೆ, ಯಾರಿಗೋ ಬೈಯಲು ಹೊರಟ ತುಟಿ.

ಅಷ್ಟರಲ್ಲಿ ಮಗ ಬಸವರಾಜ ಬಂದ. "ಯವ್ವಾ, ಜೀವ ಇದ್ದೋರ ಪಟ ಗ್ವಾಡಿಗೆ ಹಾಕ್ತಾರೇನು? ಮನಿ ಒಳಗ ತರಬ್ಯಾಡ."

ಅಪ್ಪನೂ ಒಪ್ಪುವುದಿಲ್ಲ ಎಂದು ಸೇರಿಸಿದ. ನಮ್ಮ ಕಡೆ ಗೋಡೆ ಸತ್ತವರದ್ದು, ವಾದಕ್ಕೆ ಜಾಗವಿಲ್ಲ. ಇಡೀ ಬಸ್ ಸ್ಟ್ಯಾಂಡಿನ ಬಾಯಿ ಮುಚ್ಚಿಸುವ ಗಂಗಮ್ಮ ಎದ್ದೇಬಿಟ್ಟಳು. ಅಳಿಸಿಬಿಡು ಅಂದಳು.

ತಾಶಿ ಕುಂಚ ಕೆಳಗಿಟ್ಟ. "ಅಳಸೂದಿಲ್ಲವ್ವಾ. ನಾವು ಓಡಿ ಬರೂವಾಗ ನಮ್ಮವರದು ಒಂದು ಫೋಟೋನೂ ತರಲಿಲ್ಲ. ನಮ್ಮನಿ ಗ್ವಾಡಿ ಖಾಲಿ ಐತಿ. ನೀನ ಬಾ."

"ನಿಮ್ಮಲ್ಲಿ ಜೀವ ಇದ್ದೋರ್ನ ಹಾಕ್ತಾರೇನು?" ಗಂಗಮ್ಮ ಕೇಳಿದಳು.

"ಹಾಕ್ತೀವಿ."

"ದಿನಾ ಒರಸ್ತೀ?"

"ನನ್ನ ಹೆಂಡ್ತಿ ಒರಸ್ತಾಳ."

"ಹಂಗಾದ್ರ ಒಯ್ಯಿ. ನಾ ಸತ್ತ ಸುದ್ದಿ ಬಂದ್ರ ತಂದುಕೊಡು."

ಬಸವರಾಜ ತಲೆ ಕೆರೆದುಕೊಂಡ. ಮುಂಡಗೋಡಿನ ಗೋಡೆಗೆ ಅವನ ಶಾಸ್ತ್ರ ನಡೆಯುತ್ತಿರಲಿಲ್ಲ. ನಾನು ಊರಿಂದ ತಂದಿದ್ದ ಮಲ್ಲಿಗೆ ದಂಡೆ ಹೊರತೆಗೆದೆ. ಗಂಗಮ್ಮ ಅದನ್ನು ಕಸಿದುಕೊಂಡು, "ಪಟಕ್ಕ ಬ್ಯಾಡ್ರಿ ಅಕ್ಕಾ, ತಲಿಗೆ," ಎಂದು ಮುಡಿದು, ಒಲೆ ಹೊತ್ತಿಸಲು ಹೋದಳು. ಮಿರ್ಚಿ ಖಾರವಾಗಿತ್ತು, ಮಂಡಕ್ಕಿ ಗರಿಗರಿ. ಎರಡು ಪ್ಲೇಟು ತಿಂದೆ.

ಸಂಜೆಯ ಬಸ್ಸಿನಲ್ಲಿ ಸೀಟು ಸಿಕ್ಕಿತು, ಕಿಟಕಿಯದ್ದೇ. ಗಾಡಿಗೆ ಜನ ಮುತ್ತಿ ಗಂಗಮ್ಮ ಕಾಣುತ್ತಿರಲಿಲ್ಲ. ಸ್ವೆಟರ್‌ಗಳ ನಡುವೆ ಒಣಗಲು ಹಾಕಿದ ಪಟ ಮಾತ್ರ ಕಾಣುತ್ತಿತ್ತು. ಪಕ್ಕದ ಹೆಂಗಸು ಅದನ್ನು ನೋಡಿ ಎದೆ ಮುಟ್ಟಿಕೊಂಡಳು.

"ಗಂಗಮ್ಮ ಯಾವಾಗ ತೀರಿಕೊಂಡ್ಳ್ರಿ?"

"ಆಕಿ ಎಲ್ಲಿ ಸತ್ತಾಳ್ರಿ," ಅಂದೆ. "ಮುಂಡಗೋಡಕ್ಕ ಹೊಂಟಾಳ."