ಮಗ ಓದುತ್ತಿದ್ದದ್ದು

ಅವರ ಬಲಗೈ ಹೆಬ್ಬೆರಳಿನ ಉಗುರು ನಡುವೆ ಸೀಳಿ ಎರಡು ಹೋಳಾಗಿ ಬೆಳೆಯುತ್ತಿತ್ತು. ಎಂದೋ ಅಂಜಲ್ ಮೀನು ಕೊಯ್ಯುವಾಗ ಕತ್ತಿ ತಾಗಿತ್ತಂತೆ. ಪುಟ ತಿರುವುವಾಗ ಆ ಸೀಳಿಗೆ ಕಾಗದ ಸಿಕ್ಕಿ ಹರಿಯಬಾರದೆಂದು ಅವರು ಕಿರುಬೆರಳಿನಿಂದ ಮೆಲ್ಲನೆ ಮಗುಚುತ್ತಿದ್ದರು.

ಉಪ್ಪುಂದದಲ್ಲಿ ನಾನು ಬಾಡಿಗೆಗಿದ್ದ ಮನೆಯ ಪಕ್ಕದ ಮನೆ ಅವರದು. ಗಂಡ ತೀರಿಕೊಂಡು ವರ್ಷಗಳಾಗಿದ್ದವು. ಬೆಳಿಗ್ಗೆ ಮೀನು ತಂದು ಬೈಂದೂರು ಪೇಟೆಯಲ್ಲಿ ಮಾರಿ ಮಧ್ಯಾಹ್ನಕ್ಕೆ ಮರಳುತ್ತಿದ್ದರು. ನಾನು ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುವವಳು. ನನಗೆ ಅವರು ಅಕ್ಕ, ಅವರಿಗೆ ನಾನು ಟೀಚರ್. ಮಾತು ಕಡಿಮೆ. ಬೇಲಿಯಾಚೆಯಿಂದ ಒಂದು ಬಟ್ಟಲು ಬಂಗುಡೆ ಚಾಚಿ, "ಇವತ್ತ್ ಲಾಯ್ಕ್ ಇತ್ತ್" ಎಂದು ಹೊರಟುಬಿಡುತ್ತಿದ್ದರು. ಚೆನ್ನಾಗಿಲ್ಲದ ದಿನ ಕೇಳಿದರೂ ಕೊಡುತ್ತಿರಲಿಲ್ಲ.

ಅವರಿಗೆ ಒಬ್ಬನೇ ಮಗ, ಕಾಲೇಜಿಗೆ ಹೋಗುತ್ತಿದ್ದ. ಒಂದು ಮಳೆಗಾಲದ ಸಂಜೆ ಬಂಡೆಯ ಮೇಲಿಂದ ಕಡಲಿಗೆ ಬಿದ್ದು ಹೋದ. ಕಾಲು ಜಾರಿದ್ದೋ, ತಾನಾಗಿ ಹೋದದ್ದೋ, ಕಂಡವರಿಲ್ಲ. ಊರು ಮಾತ್ರ ತೀರ್ಮಾನಿಸಿತ್ತು. ಹುಡುಗ ಪರೀಕ್ಷೆಯ ಒಂದು ವಿಷಯದಲ್ಲಿ ಫೇಲಾಗಿದ್ದ, ಬಾಗಿಲು ಹಾಕಿಕೊಂಡು ಏನೋ ಓದುತ್ತಿದ್ದ. ಊರಿಗೆ ಅಷ್ಟು ಸಾಕಾಯಿತು.

ಉತ್ತರಕ್ರಿಯೆಯ ದಿನ ಅವನ ಚಿಕ್ಕಪ್ಪ ಕೋಣೆಯಿಂದ ಒಂದು ರಟ್ಟಿನ ಪೆಟ್ಟಿಗೆಯನ್ನು ಜಗಲಿಗೆ ಎಳೆದು ತಂದರು. ಅದರ ತುಂಬ ಜಪಾನಿನ ಚಿತ್ರಕಥೆಗಳು, ಮಾಂಗಾ ಎನ್ನುತ್ತಾರೆ.

"ಇದೇ ಮಾಣಿನ್ ತಿಂದದ್ದ್," ಎಂದರು ಚಿಕ್ಕಪ್ಪ. "ಬರೀ ಕಡಿಯೂದ್, ಸಾಯೂದ್. ಒಲಿಗ್ ಹಾಕಿ, ಅತ್ತಿಗೆ."

ಅಕ್ಕ ಪೆಟ್ಟಿಗೆಯ ಮೇಲೆ ಕೈಯಿಟ್ಟರು. "ಮೀನಿನ್ ಕಣ್ಣ್ ಕಾಣ್ದೆ ಅದ್ ಹಾಳಾಯ್ತ್ ಅಂದೇಳಿ ನಾ ಯಾವತ್ತೂ ಹೇಳ್ದವ್ಳಲ್ಲ. ಇದನ್ನೂ ಕಂಡೇ ಹೇಳ್ತೆ."

ಕೆಲವು ದಿನಗಳ ಮೇಲೆ ಒಂದು ಪುಸ್ತಕ ಹಿಡಿದು ನಮ್ಮ ಜಗಲಿಗೆ ಬಂದರು. ಲಿಂಬೆ ತಿಕ್ಕಿ ತೊಳೆದ ಕೈ ಇನ್ನೂ ಒದ್ದೆಯಿತ್ತು.

"ಟೀಚರೆ, ಇದ್ ಇಂಗ್ಲಿಷ್ ಅಂಬ್ರಲೆ. ಓದಿ ಹೇಳಿ. ಅವನಿಗೆ ಸಾಯಿ ಅಂದೇಳಿ ಇದ್ರಲ್ಲ್ ಬರ್ದಿತ್ತಾ, ನಂಗ್ ಗೊತ್ತಾಗ್ಬೇಕ್."

ಕಾಮಿಕ್ಸ್ ಎಂದರೆ ಸಣ್ಣ ಮಕ್ಕಳ ಓದೆಂದು ನಾನು ಅದುವರೆಗೆ ಮುಟ್ಟಿದವಳಲ್ಲ. ಮಗ ಮೂಲೆ ಮಡಚಿಟ್ಟಿದ್ದ ಪುಟವನ್ನೇ ಅಕ್ಕ ತೆರೆದುಕೊಟ್ಟರು. ಎಡದ ಪುಟದ ಮೇಲ್ಸಾಲಿನಲ್ಲಿ ಮೂರು ಚೌಕಗಳು. ಮೊದಲನೆಯದರಲ್ಲಿ ಒಬ್ಬ ಹುಡುಗ ಎತ್ತರದ ತಾರಸಿಯ ಅಂಚಿನಲ್ಲಿ ಕಂಬಿ ಹಿಡಿದು ನಿಂತಿದ್ದಾನೆ. ಎರಡನೆಯದರಲ್ಲಿ ಕಂಬಿಯಷ್ಟೇ, ಹುಡುಗನಿಲ್ಲ. ಮೂರನೆಯದು ಮುಚ್ಚಿದ ಬಾಗಿಲು. ಓದಿ ಹೇಳಲು ಒಂದು ಮಾತೂ ಇರಲಿಲ್ಲ. ಹೇಳುವ ಅಗತ್ಯವೂ ಬೀಳಲಿಲ್ಲ. ಅಕ್ಕ ಪುಸ್ತಕ ಮುಚ್ಚಿ ಸೆರಗಿನಲ್ಲಿ ಸುತ್ತಿಕೊಂಡು ಮನೆಗೆ ಹೋದರು.

ಆಮೇಲೆ ಅವರು ಪೇಟೆಗೆ ಹೋಗುವುದನ್ನು ಬಿಟ್ಟರು. ಮೀನಿನ ಬುಟ್ಟಿ ಅಂಗಳದಲ್ಲಿ ಬೋರಲು ಬಿದ್ದಿತ್ತು. ಕರೆದರೆ ಒಳಗಿಂದ "ಹೂಂ" ಎನ್ನುವರು, ಹೊರಗೆ ಬಾರರು. ಅನ್ನ ಕೊಟ್ಟು ಬಂದರೆ ಪಾತ್ರೆ ಹಾಗೇ ಇರುತ್ತಿತ್ತು. ನನಗೆ ಶಾಲೆಯಲ್ಲೂ ಆ ಖಾಲಿ ಕಂಬಿಯೇ ಕಣ್ಣೆದುರು.

ಒಂದು ಬೆಳಿಗ್ಗೆ ನಾನು ಶಾಲೆಗೆ ಹೊರಡುವಾಗ ಅದೇ ಪುಸ್ತಕ ಹಿಡಿದು ಗೇಟಿನಲ್ಲಿ ನಿಂತಿದ್ದರು. ಕಣ್ಣು ಗುಳಿಬಿದ್ದಿದ್ದವು.

"ಟೀಚರೆ, ಗಾಯ ಆಪೂಕ್ ಮುಂಚೆ ಯಾರಾರೂ ಪಟ್ಟಿ ಕಟ್ತ್ರಾ?"

ನನಗೆ ಅರ್ಥವಾಗಲಿಲ್ಲ. ಅವರು ಪುಟ ತೆರೆದು ತೋರಿಸಿದರು. ಎಡದ ಪುಟದಲ್ಲಿ ಕಂಬಿ ಹಿಡಿದು ನಿಂತ ಹುಡುಗನ ಮೊಣಕೈಗೆ ಬಿಳಿ ಪಟ್ಟಿ. ಬಲದ ಪುಟದಲ್ಲಿ ಅದೇ ಹುಡುಗ ಸೈಕಲ್ಲಿನಿಂದ ಬೀಳುತ್ತಾನೆ, ಮೊಣಕೈ ಸುಲಿಯುತ್ತದೆ. ನಾನು ಪುಸ್ತಕ ಈಸಿಕೊಂಡು ಆಚೀಚೆ ತಿರುಗಿಸಿದೆ. ಇಂಗ್ಲಿಷ್ ಪುಸ್ತಕದ ಮೊದಲ ಪುಟ ಇರಬೇಕಾದಲ್ಲಿ ಬಾಣದ ಗುರುತು ಹಾಕಿ, ಈ ಪುಸ್ತಕವನ್ನು ಬಲದಿಂದ ಎಡಕ್ಕೆ ಓದಬೇಕು ಎಂದು ಅಚ್ಚಾಗಿತ್ತು.

ಇಬ್ಬರೂ ಗೇಟಿನ ಹತ್ತಿರವೇ ನಿಂತು ಬಲದಿಂದ ಮತ್ತೆ ನೋಡಿದೆವು. ಹುಡುಗ ಸೈಕಲ್ಲಿನಿಂದ ಬೀಳುತ್ತಾನೆ. ಆಮೇಲೆ ಎಡದ ಪುಟ. ತಾರಸಿಯ ಬಾಗಿಲು. ಖಾಲಿ ಕಂಬಿ. ಕೊನೆಗೆ ಪಟ್ಟಿ ಕಟ್ಟಿಕೊಂಡ ಹುಡುಗ ಬಂದು ನಿಲ್ಲುತ್ತಾನೆ. ಮುಂದಿನ ಪುಟದಲ್ಲಿ ಅಜ್ಜಿ ಒಣಹಾಕುತ್ತಿದ್ದ ಒದ್ದೆ ಚಾದರ ಗಾಳಿಗೆ ಹಾರಿ ಅವನ ತಲೆಯ ಮೇಲೆ ಬಿದ್ದು, ಇಬ್ಬರೂ ನಗುತ್ತಾರೆ.

"ಅವ ಬಂದದ್ದ್," ಎಂದರು ಅಕ್ಕ. "ಹೋದದ್ದಲ್ಲ."

ಅಲ್ಲೇ ಮೆಟ್ಟಿಲ ಮೇಲೆ ಕುಳಿತು ಬಹಳ ಹೊತ್ತು ಅತ್ತರು. ಆ ದಿನ ನಾನು ಶಾಲೆಗೆ ರಜೆ ಹಾಕಿದೆ.

ಅಲ್ಲಿಂದ ಭಾನುವಾರದ ಮಧ್ಯಾಹ್ನಗಳೆಲ್ಲ ನಮಗೆ ಆ ಪೆಟ್ಟಿಗೆಯವೇ ಆದವು. ನಾನು ಮಾತುಗಳನ್ನು ಕನ್ನಡದಲ್ಲಿ ಹೇಳುತ್ತ ಹೋಗುತ್ತಿದ್ದೆ. ಮಾತೇ ಇಲ್ಲದ ಪುಟ ಬಂದರೆ ನಾನು ದಾಟಿ ಮುಂದೆ ಹೋಗುವವಳು, ಅವರು ಬಿಡುತ್ತಿರಲಿಲ್ಲ. "ನಿಲ್ಲಿ. ಇವ್ಳ್ ಸಿಟ್ಟಲ್ಲಿತ್ಲ್, ಕಾಣಿ." ಅಗಲ ಕಣ್ಣಿನ ನಾಯಕಿಗೆ ಅವರು ಇಟ್ಟ ಹೆಸರು ಡಿಸ್ಕೋ, ದೊಡ್ಡ ಕಣ್ಣಿನ ಕೆಂಪು ಮೀನಿಗೆ ನಮ್ಮಲ್ಲಿ ಹಾಗೆನ್ನುತ್ತಾರೆ.

ಆ ಕಥೆಗಳಲ್ಲಿ ಸಾವೂ ಇತ್ತು. ಒಂದರಲ್ಲಿ ನಾಯಕನ ತಮ್ಮ ತೀರಿಹೋಗುತ್ತಾನೆ. ಪುಸ್ತಕ ಮುಚ್ಚಿಸಿ ಎದ್ದು ಹೋದವರು ಮುಂದಿನ ವಾರ ಬಂದು ಕುಳಿತು, "ಅದ್ನೂ ಓದಿ" ಎಂದರು. ಓದಿದೆ. ಮಗ ಮೂಲೆ ಮಡಚಿಟ್ಟ ಪುಟಗಳಲ್ಲಿ ಹೆಚ್ಚಿನವು ನಗೆಯವು. ಒಂದೆರಡು ಪುಟ ಯಾಕೆ ಮಡಚಿದ್ದನೋ ನಮಗೆ ತಿಳಿಯಲೇ ಇಲ್ಲ. ಅಂಥಲ್ಲಿ ಅವರ ಕಿರುಬೆರಳು ತಡೆದು ನಿಲ್ಲುತ್ತಿತ್ತು. ನಾನು ಏನಾದರೂ ಸಮಾಧಾನ ಹೇಳಹೋದರೆ, "ಬ್ಯಾಡ ಟೀಚರೆ, ಗೊತ್ತಿಲ್ದಿದ್ದನ್ ಹೇಳ್ಬೇಡಿ" ಎನ್ನುತ್ತಿದ್ದರು.

ಮತ್ತೊಂದು ಮಳೆಗಾಲದಲ್ಲಿ ಅವರಿಗೆ ಇಲಿಜ್ವರ ಬಂತು. ಕುಂದಾಪುರದ ಆಸ್ಪತ್ರೆಯಲ್ಲಿ ಕಣ್ಣೆಲ್ಲ ಹಳದಿಯಾಗಿ ಮಲಗಿದ್ದರು. ನಾನು ನೋಡಲು ಹೋದಾಗ ಅವರಾಗಿಯೇ ಮಾತು ತೆಗೆದರು.

"ಕಾಲ್ ಜಾರಿದ್ದಾ ಎಂತ ಅಂದ್ ನಂಗ್ ಕಡಿಗೂ ಗೊತ್ತಾಯ್ಲಿಲ್ಲೆ. ಬಾಗ್ಲ್ ಹಾಯ್ಕಂಡ್ ಅವ ಎಂತ ಕಂಡ್ ನೆಗಾಡ್ತಿದ್ದ, ಅದ್ ಗೊತ್ತಾಯ್ತ್." ಸ್ವಲ್ಪ ಸುಧಾರಿಸಿಕೊಂಡು ಹೇಳಿದರು, "ಅವ ಬದ್ಕಿದ್ದಾಗ್ಳೇ ಹತ್ರ ಹೋಯ್ ಕೂಕಂಡ್ ಕೇಣ್ಬೇಕಿತ್ತ್."

ಎರಡು ದಿನಕ್ಕೆ ತೀರಿಕೊಂಡರು.

ಈಗ ನಾನು ಬ್ರಹ್ಮಾವರದ ಕಡೆಯ ಶಾಲೆಯಲ್ಲಿದ್ದೇನೆ. ಹೋದ ತಿಂಗಳು ಒಂಬತ್ತನೆಯ ತರಗತಿಯ ಒಬ್ಬಳು ಹುಡುಗಿಯ ಚೀಲದಿಂದ ಅಂಥದೇ ಪುಸ್ತಕವೊಂದನ್ನು ಸಹೋದ್ಯೋಗಿಯೊಬ್ಬರು ಕಿತ್ತು ತಂದು ಸ್ಟಾಫ್ ರೂಮಿನ ಮೇಜಿನ ಮೇಲೆ ಬಡಿದರು. ಆ ಹುಡುಗಿ ಅನೇಕ ದಿನಗಳಿಂದ ಯಾರೊಡನೆಯೂ ಮಾತಾಡಿರಲಿಲ್ಲ, ಊಟಕ್ಕೂ ಒಬ್ಬಳೇ ಕೂರುತ್ತಿದ್ದಳು. ನಾನು ಅವಳನ್ನು ಖಾಲಿ ತರಗತಿಗೆ ಕರೆದುಕೊಂಡು ಹೋಗಿ, ಬೆಂಚಿನ ಮೇಲೆ ಪಕ್ಕದಲ್ಲಿ ಕೂರಿಸಿಕೊಂಡು, ಪುಸ್ತಕ ಅವಳ ಕೈಗೇ ಕೊಟ್ಟೆ.

"ಇದರ ಕಥೆ ಹೇಳು."

ಅವಳು ನನ್ನ ಮುಖ ನೋಡಿದಳು. ಆಮೇಲೆ ತಗ್ಗಿದ ದನಿಯಲ್ಲಿ ಶುರುಮಾಡಿದಳು. ಗಂಟೆ ಬಾರಿಸಿದಾಗ ಎದ್ದು ನಿಂತು, "ಇನ್ನೂ ಇತ್ತ್ ಟೀಚರ್" ಎಂದಳು.

"ಇರಲಿ, ಕೂತ್ಕೊ," ಎಂದೆ.